ಹೆಸರು ಮರೆತ ಫೈಲಿಗೆ ಬಗೆಯೇ ಗುರುತು

ಕಾಲೇಜು ಸೇರುವ ದಿನಗಳು ಬಂದವೆಂದರೆ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಹುಡುಕಾಟ ಶುರುವಾಗುತ್ತದೆ. ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿಸಿ ಇಟ್ಟದ್ದು ಎಲ್ಲರಿಗೂ ನೆನಪಿದೆ; ಯಾವ ಹೆಸರಿನಲ್ಲಿ ಇಟ್ಟದ್ದು ಎಂಬುದು ಯಾರಿಗೂ ನೆನಪಿಲ್ಲ. ‘ಮಾರ್ಕ್ಸ್ ಕಾರ್ಡ್’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಸ್ಕ್ಯಾನರು ತನ್ನ ಪಾಡಿಗೆ ‘ಸ್ಕ್ಯಾನ್0007’ ಎಂದೋ, ಮೊಬೈಲು ‘ಐಎಂಜಿ’ಯಿಂದ ಶುರುವಾಗುವ ಅಂಕಿಗಳ ಸರವನ್ನೋ ಹೆಸರಾಗಿ ಅಂಟಿಸಿ ಕೈತೊಳೆದುಕೊಂಡಿರುತ್ತದೆ. ಪಹಣಿ, ವಿಮೆ ಪಾಲಿಸಿ, ಮನೆ ಕಂದಾಯದ ರಸೀದಿ, ಅಜ್ಜಿಯ ದನಿಯಿದ್ದ ರೆಕಾರ್ಡಿಂಗ್ – ಎಲ್ಲದರದೂ ಇದೇ ಕಥೆ.

ಕನ್ನಡದ ಮನೆಗಳಲ್ಲಿ ಈ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು. ಆಡುವುದು ಕನ್ನಡ, ಫೈಲಿಗೆ ಹೆಸರಿಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ‘ಗೃಹಪ್ರವೇಶ’ವನ್ನು ಅಪ್ಪ ಒಂದು ಥರ ಬರೆದರೆ ಮಗ ಇನ್ನೊಂದು ಥರ ಬರೆಯುತ್ತಾನೆ. ‘ಜಿ’ ಆದಮೇಲೆ ‘ಆರ್‌ಯು’ ಬಂತೋ ‘ಆರ್‌ಐ’ ಬಂತೋ, ಕೊನೆಯಲ್ಲಿ ‘ಎ’ ಇತ್ತೋ ಇಲ್ಲವೋ, ನಡುವೆ ಜಾಗ ಬಿಟ್ಟಿದ್ದೋ ಕೂಡಿಸಿ ಬರೆದದ್ದೋ, ಬರೆದವರಿಗೇ ಮರೆತಿರುತ್ತದೆ. ಕಂಪ್ಯೂಟರಿಗೆ ಉಚ್ಚಾರಣೆ ತಿಳಿಯದು, ಅಕ್ಷರ ಮಾತ್ರ ತಿಳಿಯುತ್ತದೆ. ಒಂದಕ್ಷರ ಆಚೀಚೆಯಾದರೂ ಇಲ್ಲವೆಂದುಬಿಡುತ್ತದೆ.

ಆದರೆ ಹೆಸರು ಮರೆತವರೂ ಮರೆಯದ ಸಂಗತಿಯೊಂದಿದೆ. ಅದು ಫೋಟೊ, ಅಥವಾ ಪಿಡಿಎಫ್, ಅಥವಾ ಎಕ್ಸೆಲ್ ಲೆಕ್ಕ, ಅಥವಾ ಹಾಡು ಎಂಬುದು ನೆನಪಿರುತ್ತದೆ. ಹೆಸರನ್ನು ಯಾರೋ ಆ ಹೊತ್ತಿನ ಆತುರದಲ್ಲಿ ಇಟ್ಟಿರುತ್ತಾರೆ. ಬಗೆಯನ್ನು ಮಾತ್ರ ಆ ಫೈಲನ್ನು ತಯಾರಿಸಿದ ಪ್ರೋಗ್ರಾಮು ಪ್ರತಿಸಲವೂ ಒಂದೇ ರೀತಿ ದಾಖಲಿಸುತ್ತದೆ. ಹಾಗಾಗಿ ಹುಡುಕಾಟವನ್ನು ಬಗೆಯಿಂದ ಆರಂಭಿಸಿ, ಆಮೇಲೆ ತಾರೀಖಿಗೆ, ಗಾತ್ರಕ್ಕೆ, ಕಟ್ಟಕಡೆಗೆ ಹೆಸರಿಗೆ ಬರುವುದು ಲೇಸು. ನಾವೆಲ್ಲ ಮಾಡುವುದು ಇದರ ತಿರುವುಮುರುವು.

ಚುಕ್ಕೆಯ ಆಚೆಗಿನ ಮೂರಕ್ಷರ

ಫೈಲಿನ ಬಗೆಯನ್ನು ಹೇಳುವುದು ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ ಇಟ್ಟು ಬರೆಯುವ ಅಕ್ಷರಗಳು: ಪಿಡಿಎಫ್, ಜೆಪಿಜಿ, ಎಂಪಿ3, ಡಿಒಸಿ. ಇದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಈ ಪದ್ಧತಿ ಮನೆಗೆ ಕಂಪ್ಯೂಟರು ಬರುವ ಮೊದಲಿನದು. ಡಿಇಸಿ ಕಂಪನಿಯ ಪಿಡಿಪಿ–10ರಂಥ ದೊಡ್ಡ ಯಂತ್ರಗಳಲ್ಲಿ ಫೈಲಿನ ಹೆಸರಿಗೆ ಆರಕ್ಷರ, ಬಗೆಗೆ ಮೂರಕ್ಷರ ಎಂಬ ಕಟ್ಟು ಇತ್ತು. 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಸಣ್ಣ ಕಂಪ್ಯೂಟರುಗಳಿಗಾಗಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆ ಬರೆದಾಗ ಹೆಸರಿಗೆ ಎಂಟಕ್ಷರ, ಬಗೆಗೆ ಮೂರೇ ಅಕ್ಷರ ಎಂದು ಗೊತ್ತುಮಾಡಿದರು. 1981ರ ಡಾಸ್ ಅದನ್ನೇ ಮುಂದುವರಿಸಿತು. ಹೆಸರಿನ ಎಂಟಕ್ಷರದ ಬಂಧನ ಕಳಚಿದ್ದು 1995ರಲ್ಲಿ, ವಿಂಡೋಸ್ 95 ಬಂದಾಗ. ಆಗಿನಿಂದ 255 ಅಕ್ಷರದವರೆಗೂ ಹೆಸರಿಡಬಹುದು. ಮೂರಕ್ಷರದ ರೂಢಿ ಮಾತ್ರ ಉಳಿದುಕೊಂಡಿತು.

ಅದರ ಗುರುತು ಇವತ್ತಿಗೂ ನಮ್ಮ ಫೋಟೊಗಳ ಮೇಲಿದೆ. ಚಿತ್ರಗಳ ಈ ಮಾದರಿಯ ಹೆಸರು ನಾಲ್ಕಕ್ಷರದ ಜೆಪಿಇಜಿ. ಡಾಸ್‌ನಲ್ಲಿ ನಾಲ್ಕಕ್ಷರಕ್ಕೆ ಜಾಗವಿರಲಿಲ್ಲವಾದ್ದರಿಂದ ಅದು ಜೆಪಿಜಿ ಆಯಿತು. ಈಗ ಎರಡೂ ಚಾಲ್ತಿಯಲ್ಲಿವೆ. ಮೊಬೈಲಿನ ವಾಟ್ಸ್ಆ್ಯಪ್ ಚಿತ್ರವನ್ನು ಜೆಪಿಜಿ ಎಂದು ಉಳಿಸುತ್ತದೆ. ಅದೇ ಚಿತ್ರವನ್ನು ಕಂಪ್ಯೂಟರಿನ ವಾಟ್ಸ್ಆ್ಯಪ್‌ನಿಂದ ಇಳಿಸಿಕೊಂಡರೆ ಜೆಪಿಇಜಿ ಎಂದು ಬರುತ್ತದೆ. ಒಂದನ್ನು ಹುಡುಕಿ ಸುಮ್ಮನಾದವರಿಗೆ ಇನ್ನೊಂದು ಕಾಣುವುದೇ ಇಲ್ಲ. ಎಂಪಿ3 ಎಂಬ ಗುರುತಿಗಂತೂ ಹುಟ್ಟಿದ ದಿನವೇ ಇದೆ: ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ತಮ್ಮತಮ್ಮಲ್ಲೇ ಅಭಿಪ್ರಾಯ ಕೇಳಿಕೊಂಡು 1995ರ ಜುಲೈ 14ರಂದು ಅದನ್ನು ಒಪ್ಪಿಕೊಂಡರು. ಅದಕ್ಕೂ ಮುಂಚೆ ಅವರ ಹಾಡುಗಳ ಕೊನೆಯಲ್ಲಿ ‘ಬಿಟ್’ ಎಂದಿರುತ್ತಿತ್ತು.

ವಿಂಡೋಸ್ ಈ ಅಕ್ಷರಗಳನ್ನು ಸಾಮಾನ್ಯವಾಗಿ ಮರೆಮಾಚಿಡುತ್ತದೆ. ಬಳಸುವವರಿಗೆ ಇದರ ತಲೆನೋವು ಬೇಡ ಎಂಬುದು ಅದರ ಲೆಕ್ಕ. ಬಗೆಯಿಂದ ಹುಡುಕಬೇಕೆನ್ನುವವರು ಮೊದಲು ಈ ಪರದೆ ಸರಿಸಬೇಕು. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು, ಮೇಲಿನ ‘ವ್ಯೂ’ ಒತ್ತಿ, ಅದರೊಳಗಿನ ‘ಶೋ’ಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿ. ವಿಂಡೋಸ್ 10ರಲ್ಲಿ ‘ವ್ಯೂ’ ಒತ್ತಿದ ಕೂಡಲೇ ಆ ಚೌಕ ಕಾಣುತ್ತದೆ. ಒಮ್ಮೆ ಮಾಡಿದರೆ ಸಾಕು, ಎಲ್ಲ ಫೋಲ್ಡರುಗಳಿಗೂ ಅನ್ವಯಿಸುತ್ತದೆ.

ಹುಡುಕುವ ಪೆಟ್ಟಿಗೆಯಲ್ಲಿ ಏನು ಬರೆಯಬೇಕು

ಏನನ್ನೂ ಬರೆಯದೆ ಮಾಡಬಹುದಾದ ಹುಡುಕಾಟದಿಂದ ಶುರುಮಾಡೋಣ. ಡೌನ್‌ಲೋಡ್ಸ್ ಫೋಲ್ಡರನ್ನು ತೆರೆಯಿರಿ. ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ, ‘ಗ್ರೂಪ್ ಬೈ’ ಎಂಬಲ್ಲಿ ‘ಟೈಪ್’ ಆರಿಸಿ. ರಾಶಿಬಿದ್ದಿದ್ದ ಫೈಲುಗಳು ಪಿಡಿಎಫ್‌ಗಳೆಲ್ಲ ಒಂದು ಕಡೆ, ಚಿತ್ರಗಳೆಲ್ಲ ಒಂದು ಕಡೆ, ಜಿಪ್‌ಗಳೆಲ್ಲ ಇನ್ನೊಂದು ಕಡೆ ಸೇರಿಕೊಳ್ಳುತ್ತವೆ. ಅರ್ಧಕ್ಕರ್ಧ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ, ಏಕೆಂದರೆ ಕಳೆದ ಫೈಲು ಇರುವುದು ಬಹುಪಾಲು ಡೌನ್‌ಲೋಡ್ಸ್‌ನಲ್ಲೇ.

ಅಲ್ಲಿ ಸಿಗದಿದ್ದರೆ ಫೋಲ್ಡರಿನ ಮೇಲ್ಗಡೆ ಬಲಕ್ಕಿರುವ ಹುಡುಕುವ ಪೆಟ್ಟಿಗೆಗೆ ಬರಬೇಕು. ಈ ಪೆಟ್ಟಿಗೆ ಹುಡುಕುವುದು ನೀವು ನಿಂತಿರುವ ಫೋಲ್ಡರು ಮತ್ತು ಅದರ ಹೊಟ್ಟೆಯೊಳಗಿನ ಫೋಲ್ಡರುಗಳನ್ನು ಮಾತ್ರ. ಡೆಸ್ಕ್‌ಟಾಪ್‌ನಲ್ಲಿ ನಿಂತು ಹುಡುಕಿದರೆ ಡಿ ಡ್ರೈವಿನದು ಸಿಗುವುದಿಲ್ಲ. ಎಲ್ಲ ಕಡೆಯೂ ನೋಡಬೇಕೆಂದರೆ ‘ದಿಸ್ ಪಿಸಿ’ಯಲ್ಲಿ ನಿಲ್ಲಬೇಕು. ಇಲ್ಲಿ ಬಳಸುವ ಸೂತ್ರಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೊದಲ ಸೂತ್ರ ‘ಕೈಂಡ್’. ಈ ಪದ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಪಿಕ್ಚರ್’ ಎಂದರೆ ಎಲ್ಲ ಬಗೆಯ ಚಿತ್ರಗಳೂ ಬರುತ್ತವೆ – ಜೆಪಿಜಿ, ಜೆಪಿಇಜಿ, ಪಿಎನ್‌ಜಿ, ಜಿಐಎಫ್. ಹಾಗೆಯೇ ‘ಕೈಂಡ್:ಡಾಕ್ಯುಮೆಂಟ್’, ‘ಕೈಂಡ್:ಮ್ಯೂಸಿಕ್’, ‘ಕೈಂಡ್:ವಿಡಿಯೊ’. ಇದು ದೊಡ್ಡ ಬಲೆ. ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿದವರು ಚಿತ್ರವಾಗಿ ಕೊಟ್ಟರೋ ಪಿಡಿಎಫ್ ಆಗಿ ಕೊಟ್ಟರೋ ಖಚಿತವಿಲ್ಲದಾಗ ಮೊದಲು ಪಿಕ್ಚರ್, ಆಮೇಲೆ ಡಾಕ್ಯುಮೆಂಟ್ ಎಂದು ಎರಡು ಸಲ ಬೀಸಿದರೆ ಸಾಕು.

ಎರಡನೆಯ ಸೂತ್ರ ಸಣ್ಣ ಬಲೆ. ‘ಇ’, ‘ಎಕ್ಸ್’, ‘ಟಿ’ ಎಂಬ ಮೂರು ಅಕ್ಷರ, ಕೋಲನ್, ಆಮೇಲೆ ಬೇಕಾದ ಎಕ್ಸ್‌ಟೆನ್ಷನ್. ‘ಎಕ್ಸ್ಟ್:ಪಿಡಿಎಫ್’ ಎಂದರೆ ಪಿಡಿಎಫ್ ಬಿಟ್ಟು ಬೇರೇನೂ ಬರುವುದಿಲ್ಲ. ನಕ್ಷತ್ರ ಚಿಹ್ನೆ, ಚುಕ್ಕೆ, ಪಿಡಿಎಫ್ ಎಂದು ಬರೆಯುವ ಹಳೆಯ ಡಾಸ್ ಕ್ರಮವೂ ಇನ್ನೂ ನಡೆಯುತ್ತದೆ. ಎರಡು ಬಗೆ ಒಟ್ಟಿಗೆ ಬೇಕಾದರೆ ನಡುವೆ ‘ಆರ್’ ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರಗಳಲ್ಲಿ ಹಾಕಬೇಕು: ‘ಎಕ್ಸ್ಟ್:ಜೆಪಿಜಿ ಆರ್ ಎಕ್ಸ್ಟ್:ಜೆಪಿಇಜಿ’. ಸಣ್ಣಕ್ಷರದಲ್ಲಿ ಬರೆದರೆ ವಿಂಡೋಸ್ ಅದನ್ನು ಹುಡುಕಬೇಕಾದ ಪದವೆಂದೇ ತಿಳಿಯುತ್ತದೆ.

ಫೋಲ್ಡರಿನಲ್ಲಿ ‘ಟೈಪ್’ ಎಂಬ ಅಂಕಣದಡಿ ಕಾಣುವ ಹೆಸರನ್ನು ನೆಚ್ಚಿ ಹುಡುಕುವುದು ಒಳ್ಳೆಯದಲ್ಲ. ಒಂದು ಮನೆಯ ಕಂಪ್ಯೂಟರಿನಲ್ಲಿ ‘ಅಡೋಬಿ ಆ್ಯಕ್ರೊಬ್ಯಾಟ್ ಡಾಕ್ಯುಮೆಂಟ್’ ಎಂದು ಕಾಣುವುದು ಪಕ್ಕದ ಮನೆಯಲ್ಲಿ ‘ಎಡ್ಜ್ ಪಿಡಿಎಫ್ ಡಾಕ್ಯುಮೆಂಟ್’ ಎಂದು ಕಂಡೀತು. ಆ ಹೆಸರು ಬರುವುದು ಫೈಲಿನಿಂದಲ್ಲ, ಅದನ್ನು ತೆರೆಯಲು ಗೊತ್ತುಮಾಡಿರುವ ಪ್ರೋಗ್ರಾಮಿನಿಂದ. ಎಕ್ಸ್‌ಟೆನ್ಷನ್ ಎಲ್ಲ ಮನೆಗಳಲ್ಲೂ ಒಂದೇ.

ಬಗೆಯೊಂದನ್ನೇ ಕೊಟ್ಟು ಸಿ ಡ್ರೈವನ್ನೆಲ್ಲ ಹುಡುಕಿದರೆ ಬರುವ ಪಟ್ಟಿ ಕಂಡು ಎದೆ ಧಸಕ್ಕೆನ್ನುತ್ತದೆ. ಪ್ರತಿಯೊಂದು ಪ್ರೋಗ್ರಾಮೂ ತನ್ನ ಗುಂಡಿ, ಹಿನ್ನೆಲೆ, ಗುರುತುಗಳಿಗಾಗಿ ನೂರಾರು ಪುಟ್ಟ ಚಿತ್ರಗಳನ್ನು ಇಟ್ಟುಕೊಂಡಿರುತ್ತದೆ. ಮನೆಯ ಮದುವೆಯ ಫೋಟೊ ಅವುಗಳ ನಡುವೆ ಮುಚ್ಚಿಹೋಗುತ್ತದೆ. ಇಲ್ಲಿ ಗಾತ್ರ ನೆರವಿಗೆ ಬರುತ್ತದೆ. ‘ಕೈಂಡ್:ಪಿಕ್ಚರ್’ ಆದಮೇಲೆ ಜಾಗ ಬಿಟ್ಟು ‘ಸೈಜ್:>1ಎಂಬಿ’ ಎಂದು ಸೇರಿಸಿ. ಪ್ರೋಗ್ರಾಮುಗಳ ಪುಟ್ಟ ಚಿತ್ರಗಳು ಉದುರಿಹೋಗಿ, ಕ್ಯಾಮೆರಾದಲ್ಲಿ ತೆಗೆದವು ಉಳಿಯುತ್ತವೆ. ಒಂದು ಎಚ್ಚರಿಕೆ: ವಾಟ್ಸ್ಆ್ಯಪ್ ಕಳಿಸುವಾಗ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಹುಡುಕುತ್ತಿರುವ ಫೋಟೊ ಅಲ್ಲಿಂದ ಬಂದದ್ದಾದರೆ 1 ಎಂಬಿ ಎಂಬ ಜರಡಿಯಲ್ಲಿ ಅದೂ ಉದುರೀತು. 50 ಕೆಬಿ ಎಂದಿಡುವುದು ಮೇಲು.

ತಾರೀಖೂ ಇಂಥದ್ದೇ ಜರಡಿ. ‘ಡೇಟ್‌ಮಾಡಿಫೈಡ್:2019’ ಎಂದರೆ ಆ ವರ್ಷ ಕೊನೆಯ ಬಾರಿ ತಿದ್ದಿದ ಫೈಲುಗಳು ಬರುತ್ತವೆ. ಪ್ರತಿ ಫೈಲಿಗೂ ‘ಹುಟ್ಟಿದ’ ತಾರೀಖು, ‘ತಿದ್ದಿದ’ ತಾರೀಖು ಎಂದು ಎರಡಿರುತ್ತವೆ. ಹಳೆಯ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಹೊಸ ಕಂಪ್ಯೂಟರಿಗೆ ನಕಲು ಮಾಡಿದಾಗ ಹುಟ್ಟಿದ ತಾರೀಖು ನಕಲು ಮಾಡಿದ ದಿನಕ್ಕೆ ಬದಲಾಗುತ್ತದೆ, ತಿದ್ದಿದ ತಾರೀಖು ಹಳೆಯದೇ ಉಳಿಯುತ್ತದೆ. ಆದ್ದರಿಂದ ಹಳೆಯ ಫೈಲುಗಳ ಹುಡುಕಾಟದಲ್ಲಿ ನಂಬಬೇಕಾದ್ದು ತಿದ್ದಿದ ತಾರೀಖನ್ನು. ಮಗ ಎಸ್‌ಎಸ್‌ಎಲ್‌ಸಿ ಮುಗಿಸಿದ ವರ್ಷ ಯಾವ ತಾಯಿಗೂ ಮರೆಯುವುದಿಲ್ಲ. ‘ಎಕ್ಸ್ಟ್:ಪಿಡಿಎಫ್’ ಜತೆಗೆ ಆ ವರ್ಷ ಸೇರಿಸಿದರೆ ಸಾವಿರಾರು ಫೈಲುಗಳ ಪಟ್ಟಿ ಒಂದು ಪರದೆಯಷ್ಟಕ್ಕೆ ಇಳಿಯುತ್ತದೆ. ಉಳಿದದ್ದನ್ನು ಕಣ್ಣಿನಿಂದಲೇ ಹುಡುಕಬಹುದು.

ಮ್ಯಾಕ್ ಇರುವವರಿಗೆ ಈ ಕೆಲಸ ಇನ್ನೂ ಸಲೀಸು. ಫೈಂಡರ್‌ನಲ್ಲಿ ಕಮಾಂಡ್ ಮತ್ತು ಎಫ್ ಒತ್ತಿದರೆ ‘ಕೈಂಡ್’ ಎಂಬ ಆಯ್ಕೆಪಟ್ಟಿ ಎದುರಿಗೇ ಬರುತ್ತದೆ. ಮಾಡಿದ ಹುಡುಕಾಟವನ್ನು ‘ಸ್ಮಾರ್ಟ್ ಫೋಲ್ಡರ್’ ಆಗಿ ಉಳಿಸಿಟ್ಟರೆ ಹೊಸ ಪಿಡಿಎಫ್ ಬಂದಾಗಲೆಲ್ಲ ತಾನಾಗಿ ಅಲ್ಲಿ ಕಾಣಿಸಿಕೊಳ್ಳುತ್ತದೆ. 2005ರಲ್ಲಿ ಬಂದ ಸ್ಪಾಟ್‌ಲೈಟ್ ಕೂಡ ‘ಕೈಂಡ್:ಪಿಡಿಎಫ್’ ಎಂಬ ಸೂತ್ರವನ್ನು ಒಪ್ಪುತ್ತದೆ. ಲಿನಕ್ಸ್ ಬಳಸುವವರಿಗೆ ‘ಫೈಂಡ್’ ಆಜ್ಞೆ ಹೇಳಿಕೊಡಬೇಕಾಗಿಲ್ಲ.

ಎಲ್ಲಿ ನೋಡುತ್ತದೆ, ಎಲ್ಲಿ ನೋಡುವುದಿಲ್ಲ

ಒಂದೇ ಕಂಪ್ಯೂಟರಿನಲ್ಲಿ ಕೆಲವು ಹುಡುಕಾಟ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಕೆಲವಕ್ಕೆ ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕು. ಕಾರಣ ಸೂಚಿ. ವಿಂಡೋಸ್ ಬಿಡುವಿದ್ದಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಕಡೆಗಳಲ್ಲಿರುವ ಫೈಲುಗಳ ಹೆಸರು, ಬಗೆ, ತಾರೀಖು, ಒಳಗಿನ ಪದಗಳನ್ನು ಓದಿ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಅಲ್ಲಿ ಹುಡುಕಿದರೆ ಪಟ್ಟಿ ನೋಡಿ ಹೇಳುತ್ತದೆ. ಡಿ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಈ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಒಂದೊಂದೇ ಫೋಲ್ಡರಿಗೆ ಹೊಕ್ಕು ನೋಡಬೇಕಾಗುತ್ತದೆ. ನಮ್ಮಲ್ಲಿ ಸಿ ಡ್ರೈವ್ ತುಂಬಿದರೆ ಕಂಪ್ಯೂಟರ್ ನಿಧಾನವಾಗುತ್ತದೆಂದು ರಿಪೇರಿಯವರು ಹೇಳಿದ್ದನ್ನು ಕೇಳಿ ಮುಖ್ಯವಾದದ್ದನ್ನೆಲ್ಲ ಡಿ ಡ್ರೈವಿನಲ್ಲಿಡುವ ರೂಢಿಯಿದೆಯಷ್ಟೆ? ಅಂಥವರು ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಸರ್ಚ್‌ನ ಭಾಗಕ್ಕೆ ಹೋಗಿ ‘ಎನ್‌ಹಾನ್ಸ್ಡ್’ ಎಂಬುದನ್ನು ಆರಿಸಿದರೆ ಇಡೀ ಕಂಪ್ಯೂಟರ್ ಸೂಚಿಯೊಳಗೆ ಬರುತ್ತದೆ. ಮೊದಲ ಸಲ ಸೂಚಿ ತಯಾರಾಗಲು ಹೊತ್ತು ಹಿಡಿಯುತ್ತದೆ; ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿಟ್ಟು ಬಿಟ್ಟುಬಿಡಿ.

ಇದಕ್ಕಿಂತ ಚುರುಕಾದ ದಾರಿ ಬೇಕೆಂದರೆ ವಾಯ್ಡ್‌ಟೂಲ್ಸ್‌ನವರ ‘ಎವೆರಿಥಿಂಗ್’ ಎಂಬ ಉಚಿತ ಪ್ರೋಗ್ರಾಮಿದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕುಗಳಲ್ಲಿ ಎಲ್ಲ ಫೈಲುಗಳ ವಿವರವನ್ನೂ ಬರೆದಿಡುವ ಒಂದು ಮೂಲ ಕೋಷ್ಟಕ ಇರುತ್ತದೆ. ಫೋಲ್ಡರಿಂದ ಫೋಲ್ಡರಿಗೆ ಅಲೆಯುವ ಬದಲು ಈ ಪ್ರೋಗ್ರಾಮು ಆ ಕೋಷ್ಟಕವನ್ನೇ ನೇರವಾಗಿ ಓದಿಬಿಡುತ್ತದೆ. ಅದಕ್ಕೇ ಲಕ್ಷಗಟ್ಟಲೆ ಫೈಲುಗಳಿದ್ದರೂ ಎಕ್ಸ್‌ಟೆನ್ಷನ್ ಟೈಪ್ ಮಾಡಿ ಬೆರಳೆತ್ತುವಷ್ಟರಲ್ಲಿ ಪಟ್ಟಿ ಸಿದ್ಧ. ಇದು ಹೆಸರು ಮತ್ತು ಬಗೆಯನ್ನು ಹುಡುಕಲು ಹೇಳಿಮಾಡಿಸಿದ್ದು. ಫೈಲಿನ ಒಳಗೇನು ಬರೆದಿದೆ ಎಂಬುದು ಅದರ ಸೂಚಿಯಲ್ಲಿ ಇರುವುದಿಲ್ಲ.

ಯಾವ ಸೂಚಿಗೂ ಸುಲಭಕ್ಕೆ ಸಿಗದವೂ ಇವೆ. ಜಿಪ್ ಮಾಡಿಟ್ಟ ಗಂಟಿನೊಳಗಿನ ಫೈಲುಗಳು ಸಾಮಾನ್ಯ ಹುಡುಕಾಟಕ್ಕೆ ಕಾಣುವುದಿಲ್ಲ. ಆದ್ದರಿಂದ ಫೋಟೊ ಸಿಗದಿದ್ದಾಗ ಜಿಪ್‌ಗಳನ್ನೂ ಒಮ್ಮೆ ಹುಡುಕಿ ತೆರೆದು ನೋಡಬೇಕು. ಇ–ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ ಬರುತ್ತವೆ. ಬೀಗ ಹಾಕಿದ್ದನ್ನು ವಿಂಡೋಸ್ ಓದಲಾರದು, ಹಾಗಾಗಿ ಖಾತೆದಾರರ ಹೆಸರು ಕೊಟ್ಟು ಹುಡುಕಿ ಫಲವಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್‌ನೊಳಗೆ ಇರುವುದು ಪುಟದ ಚಿತ್ರ, ಪದಗಳಲ್ಲ. ಇವೆರಡಕ್ಕೂ ಬಗೆ ಮತ್ತು ತಾರೀಖೇ ಗತಿ. ಇನ್ನು ಕೆಲವು ಫೈಲುಗಳು ಮನೆಯ ಕಂಪ್ಯೂಟರಿಗೆ ಬಂದೇ ಇರುವುದಿಲ್ಲ, ಮೇಲ್‌ನಲ್ಲಿ ತೆರೆದು ನೋಡಿ ಬಿಟ್ಟಿರುತ್ತೇವೆ. ಜಿಮೇಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ಫೈಲ್‌ನೇಮ್:ಪಿಡಿಎಫ್’ ಎಂದರೆ ಪಿಡಿಎಫ್ ಲಗತ್ತಿಸಿದ ಮೇಲ್‌ಗಳಷ್ಟೇ ಸಾಲಾಗಿ ನಿಲ್ಲುತ್ತವೆ.

ಗುರುತು ಸುಳ್ಳಾದಾಗ

ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ ಇಡುವುದು ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ಎಕ್ಸ್‌ಟೆನ್ಷನ್ನೂ ಹೊರಗೆ ಅಂಟಿಸಿದ ಚೀಟಿ ಮಾತ್ರ. ಫೋಟೊ ಒಂದರ ಜೆಪಿಜಿ ಎಂಬುದನ್ನು ಅಳಿಸಿ ಪಿಡಿಎಫ್ ಎಂದು ಬರೆದರೆ ಅದು ಪಿಡಿಎಫ್ ಆಗುವುದಿಲ್ಲ. ಪರೀಕ್ಷೆಯ ಅರ್ಜಿಯಲ್ಲಿ ‘ಜೆಪಿಜಿ ಮಾತ್ರ’ ಎಂದಿರುವುದನ್ನು ನೋಡಿ ಐಫೋನಿನ ಎಚ್‌ಇಐಸಿ ಚಿತ್ರಕ್ಕೆ ಹೆಸರು ಬದಲಿಸಿ ಕಳಿಸುವವರ ಅರ್ಜಿ ತಿರಸ್ಕೃತವಾಗುವುದು ಇದಕ್ಕೇ. ಚಿತ್ರವನ್ನು ತೆರೆದು, ‘ಸೇವ್ ಆ್ಯಸ್’ ಮೂಲಕ ಜೆಪಿಜಿಯಾಗಿ ಉಳಿಸಿದರೆ ಮಾತ್ರ ಒಳಗಿನ ಸರಕೂ ಬದಲಾಗುತ್ತದೆ.

ಒಳಗಿನ ಸರಕಿಗೆ ಅದರದೇ ಗುರುತಿದೆ. ಬಹುತೇಕ ಎಲ್ಲ ಬಗೆಯ ಫೈಲುಗಳೂ ಮೊದಲ ಕೆಲವು ಬೈಟುಗಳಲ್ಲಿ ತಾವು ಯಾರೆಂದು ಹೇಳಿಕೊಳ್ಳುತ್ತವೆ. ಪಿಡಿಎಫ್ ಶುರುವಾಗುವುದು ಶೇಕಡಾ ಚಿಹ್ನೆ ಮತ್ತು ‘ಪಿಡಿಎಫ್’ ಎಂಬ ಅಕ್ಷರಗಳಿಂದ. ಜಿಪ್ ಶುರುವಾಗುವುದು ‘ಪಿಕೆ’ ಎಂದು. ಅದು ಆ ಮಾದರಿಯನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವಿಂಡೋಸ್‌ನ ಪ್ರೋಗ್ರಾಮುಗಳ ತಲೆಯಲ್ಲಿರುವ ‘ಎಂಝಡ್’ ಮೈಕ್ರೊಸಾಫ್ಟ್‌ನಲ್ಲಿದ್ದ ಮಾರ್ಕ್ ಝ್ಬಿಕೋವ್‌ಸ್ಕಿ ಅವರದು. ಆಫೀಸ್ 2007ರಿಂದ ಬಂದ ಡಿಒಸಿಎಕ್ಸ್ ವರ್ಡ್ ಫೈಲನ್ನು ಹೀಗೆ ಪರೀಕ್ಷಿಸಿದರೆ ಅದರ ತಲೆಯಲ್ಲೂ ‘ಪಿಕೆ’ ಕಾಣುತ್ತದೆ, ಏಕೆಂದರೆ ಅದು ನಿಜಕ್ಕೂ ಒಂದು ಜಿಪ್ ಗಂಟು. ಹೊರಗಿನ ಚೀಟಿಯನ್ನು ನೋಡದೆ ಈ ಒಳಗುರುತನ್ನು ಓದಿ ಬಗೆ ಹೇಳುವ ‘ಫೈಲ್’ ಎಂಬ ಆಜ್ಞೆ ಯುನಿಕ್ಸ್‌ನಲ್ಲಿ 1973ರಿಂದಲೂ ಇದೆ.

ಹಾರ್ಡ್ ಡಿಸ್ಕ್ ಕೆಟ್ಟಾಗ ಈ ಒಳಗುರುತಿನ ಬೆಲೆ ತಿಳಿಯುತ್ತದೆ. ಯಾವ ಫೈಲು ಎಲ್ಲಿದೆ, ಅದರ ಹೆಸರೇನು ಎಂಬ ಕೋಷ್ಟಕವೇ ಹಾಳಾದರೆ ಹೆಸರುಗಳೆಲ್ಲ ಹೋದವು. ಆದರೆ ಫೋಟೊಗಳ ಸರಕು ಡಿಸ್ಕಿನ ಮೇಲೆ ಇನ್ನೂ ಬಿದ್ದಿರಬಹುದು. ಫೋಟೊರೆಕ್ ಎಂಬ ಉಚಿತ ಪ್ರೋಗ್ರಾಮು ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತ ಇಲ್ಲೊಂದು ಜೆಪಿಇಜಿಯ ತಲೆ, ಅಲ್ಲೊಂದು ಪಿಡಿಎಫ್‌ನ ತಲೆ ಎಂದು ಗುರುತು ಹಿಡಿದು ಫೈಲುಗಳನ್ನು ಹೊರತೆಗೆಯುತ್ತದೆ. ಅದು ಕೊಡುವ ಫೈಲುಗಳಿಗೆ ನಾವಿಟ್ಟ ಹೆಸರು ಇರುವುದಿಲ್ಲ, ‘ಎಫ್’ ಎಂಬ ಅಕ್ಷರದ ಮುಂದೆ ಒಂದಿಷ್ಟು ಅಂಕಿ ಇರುತ್ತವೆ. ಬಗೆ ಮಾತ್ರ ಸರಿಯಾಗಿರುತ್ತದೆ. ಎಲ್ಲ ಕಳೆದಮೇಲೂ ಕಟ್ಟಕಡೆಗೆ ಉಳಿಯುವ ಗುರುತು ಅದು.

ಹೊರಗಿನ ಚೀಟಿಯನ್ನು ಕುರುಡಾಗಿ ನಂಬಿದ್ದರ ಫಲವನ್ನು ಜಗತ್ತು 2000ದ ಮೇ ತಿಂಗಳಲ್ಲಿ ಉಂಡಿತು. ‘ಐ ಲವ್ ಯೂ’ ಎಂಬ ತಲೆಬರಹದ ಮೇಲ್‌ಗೆ ‘ಲವ್–ಲೆಟರ್–ಫಾರ್–ಯೂ’ ಎಂಬ ಫೈಲು ಲಗತ್ತಾಗಿತ್ತು. ಅದರ ಕೊನೆಯಲ್ಲಿ ಎರಡು ಎಕ್ಸ್‌ಟೆನ್ಷನ್: ಮೊದಲು ಸಾದಾ ಬರಹದ ಟಿಎಕ್ಸ್‌ಟಿ, ಆಮೇಲೆ ಪ್ರೋಗ್ರಾಮು ಎಂದು ಸೂಚಿಸುವ ವಿಬಿಎಸ್. ವಿಂಡೋಸ್ ಕೊನೆಯದನ್ನು ಮರೆಮಾಚುತ್ತಿದ್ದರಿಂದ ಜನರ ಕಣ್ಣಿಗೆ ಬಿದ್ದದ್ದು ಟಿಎಕ್ಸ್‌ಟಿ ಮಾತ್ರ. ಪತ್ರವೆಂದು ಒತ್ತಿದರು, ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿದ ಹುಳು ಒಳಹೊಕ್ಕಿತು. ಒಳಹೊಕ್ಕಮೇಲೆ ಅದು ಮಾಡಿದ್ದು ಬಗೆಯ ಹುಡುಕಾಟವನ್ನೇ: ಜೆಪಿಜಿ ಸಿಕ್ಕಿದಲ್ಲಿ ಚಿತ್ರವನ್ನು ಅಳಿಸಿ ತನ್ನ ನಕಲನ್ನು ಬರೆಯಿತು, ಎಂಪಿ3 ಸಿಕ್ಕಿದಲ್ಲಿ ಹಾಡನ್ನು ಮರೆಮಾಡಿತು. ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ ಎಂಬ ಸಲಹೆ ಹುಡುಕಾಟಕ್ಕಷ್ಟೇ ಅಲ್ಲ ಎಂಬುದಕ್ಕೆ ಇದು ಸಾಕು. ‘ಆಮಂತ್ರಣ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದ ಫೈಲಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆಮಂತ್ರಣವಲ್ಲ, ಮೊಬೈಲಿಗೆ ಹಾಕುವ ಪ್ರೋಗ್ರಾಮು. ಮುಟ್ಟಬೇಡಿ.

ನುಡಿ, ಬರಹ, ಪೇಜ್‌ಮೇಕರ್

ಕನ್ನಡದಲ್ಲಿ ಕಂಪ್ಯೂಟರ್ ಬಳಸಿದವರ ಮನೆಗಳಲ್ಲಿ ಬಗೆಯ ಹುಡುಕಾಟಕ್ಕೆ ಬೇರೆಯವರಿಗಿಲ್ಲದ ಕಾರಣವೊಂದಿದೆ. ಯುನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿತ್ರವಿಚಿತ್ರ ಚಿಹ್ನೆಗಳು. ಅವನ್ನು ಕನ್ನಡದ ರೂಪದಲ್ಲಿ ತೋರಿಸುವ ಕೆಲಸ ಫಾಂಟಿನದು. ಹಾಗಾಗಿ ಇವತ್ತು ಯುನಿಕೋಡ್ ಕನ್ನಡದಲ್ಲಿ ‘ಸ್ವಾಗತ ಭಾಷಣ’ ಎಂದು ಹುಡುಕಿದರೆ, ಆ ಪದಗಳಿಂದಲೇ ಶುರುವಾಗುವ ಹಳೆಯ ನುಡಿ ಫೈಲೂ ಸಿಗುವುದಿಲ್ಲ. ಆ ಫೈಲಿನಿಂದ ಮಾಡಿದ ಪಿಡಿಎಫ್‌ನೊಳಗೂ ಅದೇ ಚಿಹ್ನೆಗಳು ಕುಳಿತಿರುತ್ತವೆ. ಹೆಸರು ಗೊತ್ತಿಲ್ಲ, ಒಳಗಿನ ಪದ ದಕ್ಕುವುದಿಲ್ಲ. ಉಳಿದದ್ದು ‘ಎಕ್ಸ್ಟ್:ಡಿಒಸಿ’ ಮತ್ತು ವರ್ಷ.

ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದಾಗ ಅಮೆರಿಕದ ಕನ್ನಡಿಗರಿಂದ ಹಿಡಿದು ನಮ್ಮೂರಿನ ಮೇಷ್ಟರವರೆಗೆ ಎಷ್ಟೋ ಜನ ಮೊದಲ ಬಾರಿ ಕಂಪ್ಯೂಟರಿನಲ್ಲಿ ಕನ್ನಡ ಬರೆದರು. ಆ ಪ್ರೋಗ್ರಾಮಿನಲ್ಲಿ ಉಳಿಸಿದ ಫೈಲುಗಳ ಕೊನೆ ಬಿಆರ್‌ಎಚ್. ಅದೇ ಕಾಲದಲ್ಲಿ ಡಿಟಿಪಿ ಅಂಗಡಿಗಳಲ್ಲಿ ಪುಸ್ತಕ, ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳನ್ನು ಕಟ್ಟುತ್ತಿದ್ದದ್ದು ಪೇಜ್‌ಮೇಕರಿನಲ್ಲಿ: ಆವೃತ್ತಿಗೆ ತಕ್ಕಂತೆ ಪಿಎಂ6, ಪಿ65, ಪಿಎಂಡಿ. ಲಗ್ನಪತ್ರಿಕೆಗಳಿಗೆ ಕೋರೆಲ್‌ಡ್ರಾ, ಅದರ ಕೊನೆ ಸಿಡಿಆರ್. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರ ಫೈಲುಗಳನ್ನು ಇನ್‌ಡಿಸೈನ್ ತೆರೆಯುತ್ತಿತ್ತು, ಅದೂ ಸಿಎಸ್6 ಆವೃತ್ತಿಯವರೆಗೆ ಮಾತ್ರ. ಈಗಿನ ಇನ್‌ಡಿಸೈನ್ ಆ ಬಾಗಿಲನ್ನು ಮುಚ್ಚಿದೆ.

ಧ್ವನಿ, ವಿಡಿಯೊಗಳಿಗೂ ಇಂಥ ಹಳೆಯ ಬಗೆಗಳಿವೆ. ಕೀಪ್ಯಾಡ್ ಮೊಬೈಲುಗಳು ದನಿಯನ್ನು ಎಎಂಆರ್ ಆಗಿ, ವಿಡಿಯೊವನ್ನು 3ಜಿಪಿ ಆಗಿ ಉಳಿಸುತ್ತಿದ್ದವು. ಅಜ್ಜಿ ಹೇಳಿದ ಸೋಬಾನೆ ಪದ ಯಾರದಾದರೂ ಹಳೆಯ ಫೋನಿನಿಂದ ಕಂಪ್ಯೂಟರಿಗೆ ಬಂದಿದ್ದರೆ ಈ ಎರಡರಲ್ಲೊಂದರ ಕೆಳಗೆ ಸಿಕ್ಕೀತು. ಮದುವೆಯ ವಿಸಿಡಿಯನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದರೆ ಅದರ ಫೈಲು ಡಿಎಟಿ. ಈ ಕೊನೆಯನ್ನು ಬೇರೆ ಎಷ್ಟೋ ಪ್ರೋಗ್ರಾಮುಗಳು ತಮ್ಮ ಒಳಲೆಕ್ಕಕ್ಕೆ ಬಳಸುವುದರಿಂದ ವಿಂಡೋಸ್ ಅದನ್ನು ವಿಡಿಯೊ ಎಂದು ಎಣಿಸುವುದಿಲ್ಲ. ‘ಕೈಂಡ್:ವಿಡಿಯೊ’ ಎಂಬ ದೊಡ್ಡ ಬಲೆಗೆ ಮದುವೆ ಬೀಳುವುದಿಲ್ಲ. ‘ಎಕ್ಸ್ಟ್:ಡಿಎಟಿ ಸೈಜ್:>100ಎಂಬಿ’ ಎಂದರೆ ಬೀಳುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಅದನ್ನು ನೋಡಬಹುದು.

ಬಗೆಯ ಹುಡುಕಾಟದಿಂದ ಕಳೆದದ್ದು ಸಿಗುತ್ತದೆ, ಅದು ಒಂದು ಲಾಭ. ಎದುರಿಗೇ ಇದ್ದೂ ಇನ್ನು ಸ್ವಲ್ಪ ಕಾಲಕ್ಕೆ ತೆರೆಯಲಾರದಂತಾಗುವ ಫೈಲುಗಳು ಯಾವುವು ಎಂದು ತಿಳಿಯುವುದು ಇದಕ್ಕಿಂತ ದೊಡ್ಡ ಲಾಭ. ಬಿಡುವಿನ ದಿನ ಬಿಆರ್‌ಎಚ್, ಪಿಎಂ6, ಪಿ65, ಪಿಎಂಡಿ, ಸಿಡಿಆರ್, ಎಎಂಆರ್, 3ಜಿಪಿ, ಡಿಎಟಿ ಎಂದು ಒಂದೊಂದಾಗಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಒಂದು ಫೋಲ್ಡರಿಗೆ ನಕಲು ಮಾಡಿ. ಪೇಜ್‌ಮೇಕರ್, ಕೋರೆಲ್‌ಡ್ರಾ ಫೈಲುಗಳನ್ನು, ಹಳೆಯ ಪ್ರೋಗ್ರಾಮು ಇನ್ನೂ ಇಟ್ಟುಕೊಂಡಿರುವ ಡಿಟಿಪಿಯವರಲ್ಲಿ ಒಯ್ದು ಪಿಡಿಎಫ್ ಮಾಡಿಸಿ. ದನಿ, ವಿಡಿಯೊಗಳನ್ನು ಎಂಪಿ3, ಎಂಪಿ4 ಮಾಡಿಕೊಳ್ಳಿ. ನುಡಿಯ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅವುಗಳಲ್ಲಿ ಹಾಕಿ ತೆಗೆದರೆ ಮುಂದಿನ ಹುಡುಕಾಟ ಕನ್ನಡದ ಪದದಿಂದಲೇ ನಡೆಯುತ್ತದೆ. ಹಾಗೆಂದು ಮೂಲ ಫೈಲನ್ನು ಅಳಿಸಬೇಡಿ. ಪರಿವರ್ತಕಗಳು ಎಡವುವುದು ಒತ್ತಕ್ಷರಗಳಲ್ಲಿ, ಅರ್ಕಾವತ್ತಿನಲ್ಲಿ. ಎಲ್ಲಿ ಏನಿತ್ತೆಂದು ತಾಳೆ ನೋಡಿ ತಿದ್ದಲು ಮೂಲವೇ ಬೇಕಾಗುತ್ತದೆ.